ನಾಲ್ಕು ವರ್ಷದ ಗಿಡ

ಗಿಡ ನೋಡಿ ಅದರ ವಯಸ್ಸು ಹೇಳುವುದರಲ್ಲಿ ನಿಕೊಲಾಸಾಳಿಗೆ ಸಮನಾದವರು ಸೊನೋರಾದ ಆ ಕಡಲತೀರದಲ್ಲಿ ಯಾರೂ ಇರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಹಿಂದೆ ಮರಳುದಿಬ್ಬಗಳಲ್ಲೆಲ್ಲ ಅಲೆದು, ನಾರುಬೇರು ಕಿತ್ತು ತಂದು, ಸಂತೆಯಲ್ಲಿ ಕಟ್ಟು ಕಟ್ಟಿ ಮಾರಿದವಳು ಅವಳು. ಯಾವ ಹೂ ಕೆಮ್ಮಿಗೆ, ಯಾವ ತೊಗಟೆ ಹೊಟ್ಟೆನೋವಿಗೆ, ಯಾವುದನ್ನು ಮುಟ್ಟಿದರೆ ಕೈ ಕಡಿಯುತ್ತದೆ ಎಂಬುದೆಲ್ಲ ಹತ್ತು ವರ್ಷಕ್ಕೇ ಬಾಯಿಪಾಠವಾಗಿತ್ತು. ಅದೇ ಕಣ್ಣನ್ನು ಐವತ್ತಾರನೆಯ ವಯಸ್ಸಿನಲ್ಲಿ ಮಗನ ಮೂಳೆ ಹುಡುಕಲು ಬಳಸಬೇಕಾಗುತ್ತದೆ ಎಂದು ಆ ತಾಯಿಗಾಗಲಿ ಈ ಮಗಳಿಗಾಗಲಿ ಹೇಗೆ ಗೊತ್ತಿರಬೇಕು?

ಮಗ ಲಾಲೊ ಬೇಸ್‌ಬಾಲ್ ಆಟ ನೋಡಿ ಬರುತ್ತೇನೆಂದು ಹೋದವನು ಬರಲೇ ಇಲ್ಲ. ಆಗ ಅವನಿಗೆ ಇಪ್ಪತ್ತೆರಡು. ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ. ಯಾರ ತಂಟೆಗೂ ಹೋಗುವವನಲ್ಲ. ಹೋಗಿದ್ದನೆಂದೇ ಇಟ್ಟುಕೊಳ್ಳಿ, ಅದಕ್ಕೆ ಮನುಷ್ಯನನ್ನು ಮಣ್ಣಿಗೆ ಹಾಕಿ ಮುಚ್ಚಿಬಿಡುವುದೇ? ದೂರು ಬರೆದುಕೊಂಡ ಕಚೇರಿಯವರು "ಯಾವಳ ಜೊತೆಗೋ ಓಡಿಹೋಗಿರ್ತಾನೆ, ದುಡ್ಡು ಖಾಲಿಯಾದ್ಮೇಲೆ ಬರ್ತಾನೆ ಬಿಡಮ್ಮ" ಎಂದರು. ಆಮೇಲೆ, ರಕ್ತ ಕೊಡು, ಸಿಕ್ಕಿದ ಹೆಣಗಳ ಜೊತೆ ತಾಳೆ ಹಾಕಿ ನೋಡುತ್ತೇವೆ ಎಂದರು. ಎರಡು ಸಲ ಕೊಟ್ಟಳು. ಮೊದಲನೆಯದರ ಕಾಗದ ಕಳೆದುಹೋಯಿತು, ಎರಡನೆಯದಕ್ಕೆ ಉತ್ತರವೇ ಬರಲಿಲ್ಲ. ಹೀಗೆ ನಾಲ್ಕು ವರ್ಷ.

ಅವಳಂಥವರು ಊರಿನಲ್ಲಿ ಹತ್ತೊಂಬತ್ತು ಮಂದಿ. ಗುದ್ದಲಿ, ಸಲಿಕೆ, ಹಿಡಿಯಿರುವ ಉದ್ದನೆಯ ಕಬ್ಬಿಣದ ಸಲಾಕೆ ಹೊತ್ತು ಶನಿವಾರಗಳಂದು ಹೊರಡುತ್ತಿದ್ದರು. ಅನುಮಾನ ಬಂದ ಕಡೆ ಸಲಾಕೆಯನ್ನು ಸುತ್ತಿಗೆಯಿಂದ ಹೊಡೆದು ನೆಲಕ್ಕಿಳಿಸುವುದು, ಎಳೆದು ತೆಗೆದು ಅದರ ತುದಿಯನ್ನು ಮೂಸುವುದು. ಮೂಸಿದಾಗ ವಾಂತಿ ಬಂದರೆ ಒಳ್ಳೆಯ ಸುದ್ದಿ. ಎಂಥ ಬದುಕು ನೋಡಿ! ಆದರೆ ಇಷ್ಟುದ್ದದ ತೀರದಲ್ಲಿ ಸಲಾಕೆಯನ್ನು ಎಲ್ಲೆಂದು ಇಳಿಸುವುದು? ಅದನ್ನು ನಿಕೊಲಾಸಾ ಹೇಳಬೇಕು.

ಮಾರ್ಚ್ ತಿಂಗಳಲ್ಲಿ ಆ ದಿಬ್ಬಗಳ ಮೇಲೆ ಕಣ್ಣಿಗೆ ಬೀಳುವ ಹೂವೆಲ್ಲ ಹಳದಿ. ಹೊರಗಿನವರಿಗೆ ಎಲ್ಲ ಒಂದೇ ಪೊದೆ. ನಿಕೊಲಾಸಾ ಒಂದೊಂದನ್ನೂ ಬೇರೆ ಮಾಡಿ ನೋಡುತ್ತಿದ್ದಳು. ಬೂದಿ ಬಳಿದಂಥ ಎಲೆ, ಉದ್ದನೆಯ ಬೋಳು ತೊಟ್ಟಿನ ತುದಿಯಲ್ಲಿ ಸಣ್ಣ ಸೇವಂತಿಗೆಯಂಥ ಹೂವಿದ್ದರೆ ಅದು ಬಿಳಿಕೊಂಬೆ. ಎಣ್ಣೆ ಸವರಿದಂಥ ಪುಟ್ಟ ಎಲೆ, ಐದೆಸಳಿನ ಹೂ, ಉಜ್ಜಿ ಮೂಸಿದರೆ ಮಳೆ ಬಿದ್ದ ನೆಲದ ವಾಸನೆ ಬಂದರೆ ಗೊಬೆರ್ನಾದೊರಾ. ಇವೆರಡೂ ಹಳೇ ಒಕ್ಕಲು, ಅಜ್ಜಂದಿರ ಕಾಲದಿಂದ ಕೂತ ಜಾಗ ಬಿಟ್ಟು ಕದಲಿದವಲ್ಲ. ಇವು ದಟ್ಟವಾಗಿ ನಿಂತಿದ್ದರೆ ಅಲ್ಲಿ ಯಾರೂ ಅಗೆದಿಲ್ಲ ಎಂದರ್ಥ, ಮುಂದೆ ನಡೆಯಬಹುದು. ಹುಡುಕಬೇಕಾದ್ದು ಇನ್ನೊಂದನ್ನು. ಆಳೆತ್ತರದ ಬಡಕಲು ಪೊದೆ, ನೀಲಿ ಬೆರೆತ ನುಣ್ಣನೆಯ ಎಲೆ, ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಜೋತುಬಿದ್ದ ಹಳದಿ ಕೊಳವೆ ಹೂ. ಊರಿನವರು ಅದನ್ನು ಹುಚ್ಚು ಹ್ವಾನ್ ಎನ್ನುತ್ತಾರೆ. ಗಟ್ಟಿ ನೆಲದಲ್ಲಿ ಅದು ಹುಟ್ಟುವುದಿಲ್ಲ. ಯಾರಾದರೂ ಅಗೆದು ಮುಚ್ಚಿದ ಮಣ್ಣು ಸಿಕ್ಕಿತೋ, ಮುಂದಿನ ಮಳೆಗೇ ಎದ್ದು ನಿಲ್ಲುತ್ತದೆ.

ಅದರ ಬುಡವನ್ನು ಉಗುರಿನಿಂದ ಕೆರೆದರೆ ವಯಸ್ಸು ತಿಳಿಯುತ್ತದೆ. ಮೊದಲ ವರ್ಷ ಹಸಿರು ಸಿಪ್ಪೆ, ಎರಡನೆಯದಕ್ಕೆ ಬೂದುಬಣ್ಣ, ಮೂರಕ್ಕೆ ಉದ್ದುದ್ದ ಸೀಳು, ನಾಲ್ಕಕ್ಕೆ ಸೀಳಿನ ಅಂಚು ಕಪ್ಪಾಗಿ ಬುಡ ಮಣಿಕಟ್ಟಿನಷ್ಟು ದಪ್ಪ. ಹೀಗಾಗಿ ಗುಂಪಿನಲ್ಲಿ ಪ್ರತಿಯೊಬ್ಬಳಿಗೂ ಒಂದು ಲೆಕ್ಕವಿತ್ತು. "ನಂದು ಆರು", "ನಂದು ಎರಡು" ಎಂದು ಮಕ್ಕಳ ತರಗತಿ ಹೇಳಿಕೊಳ್ಳುವ ಹಾಗೆ ಹೇಳಿಕೊಳ್ಳುತ್ತಿದ್ದರು. ನಿಕೊಲಾಸಾಳದು ನಾಲ್ಕು. ಅವಳ ಗೆಳತಿ ಚೋಲೆಯದು ಮೂರು. ಚೋಲೆಯ ಮಗಳು ಯಾದಿರಾ ಮೂರು ವರ್ಷದ ಹಿಂದೆ ಬಸ್ ನಿಲ್ದಾಣದಿಂದ ಕಾಣೆಯಾದವಳು. ನಿಕೊಲಾಸಾಳ ಉಗುರು ಇದುವರೆಗೆ ಹನ್ನೊಂದು ಮಂದಿಯನ್ನು ಅವರವರ ತಾಯಂದಿರಿಗೆ ಹುಡುಕಿ ಕೊಟ್ಟಿತ್ತು. ಹನ್ನೊಂದು ಸಲ ಬೇರೆಯವಳನ್ನು ತಬ್ಬಿಕೊಂಡು ಅತ್ತು, ಮನೆಗೆ ಬಂದು ಗೋಡೆ ನೋಡುತ್ತ ಕೂತಿದ್ದಳು.

ಅಂದು ಅವರಿಗೆ ಸಿಕ್ಕ ಕೊನೆಯ ದಿನ. ಊರಿನಿಂದ ದೂರದ ಈ ದಿಬ್ಬಗಳಿಗೆ ಕಾವಲಿಲ್ಲದೆ ಕಾಲಿಡುವ ಹಾಗಿರಲಿಲ್ಲ. ಹೋದ ವರ್ಷ ಧೈರ್ಯ ಮಾಡಿ ಹಾಗೆ ಬಂದ ಇಬ್ಬರು ಹೆಂಗಸರು ವಾಪಸಾಗಿರಲಿಲ್ಲ. ಎಂಟು ತಿಂಗಳು ಅರ್ಜಿ ಹಿಡಿದು ಅಲೆದ ಮೇಲೆ ಒಂದು ಪೊಲೀಸ್ ಗಾಡಿಯನ್ನು ಮೂರು ದಿನಕ್ಕೆ ಕೊಟ್ಟಿದ್ದರು. ಇದು ಮೂರನೆಯ ದಿನ, ಮಧ್ಯಾಹ್ನ ಮೂರಕ್ಕೆ ಗಾಡಿ ಹೊರಡುತ್ತದೆ. ಉಳಿದವರು ಮೀನಿನ ಕಾರ್ಖಾನೆಯಲ್ಲಿ ಪಾಳಿ ತಪ್ಪಿಸಲಾಗದೆ ಬಂದಿರಲಿಲ್ಲ, ನಿಕೊಲಾಸಾ ಮತ್ತು ಚೋಲೆ ಇಬ್ಬರೇ. ಇಬ್ಬರು ಹೆಂಗಸರು ಒಂದು ದಿನದಲ್ಲಿ ಒಂದು ಗುಂಡಿ ತೋಡಬಹುದು, ಹೆಚ್ಚೆಂದರೆ ಒಂದೂವರೆ. ಪೊಲೀಸರು ಗುದ್ದಲಿ ಮುಟ್ಟುವುದಿಲ್ಲ. ಅವರ ಕೆಲಸ ಕಾಯುವುದು ಮಾತ್ರವಂತೆ.

ಹನ್ನೊಂದು ಗಂಟೆಗೆ ನಿಕೊಲಾಸಾ ಚೋಲೆಯನ್ನು ಹಿಂದೆ ಬಿಟ್ಟು ಒಬ್ಬಳೇ ಒಂದು ದಿಬ್ಬ ಹತ್ತಿದಳು. ಕಡಲ ಕಡೆಗಿನ ಇಳಿಜಾರಿನಲ್ಲಿ, ಬಿಳಿಕೊಂಬೆಗಳ ಸಾಲಿನ ನಡುವೆ ಒಂದು ಹುಚ್ಚು ಹ್ವಾನ್ ಮೈತುಂಬ ಹೂ ಬಿಟ್ಟು ನಿಂತಿತ್ತು. ಮೊಣಕಾಲೂರಿ ಬುಡ ಕೆರೆದಳು. ಉದ್ದುದ್ದ ಸೀಳು, ಅಂಚು ಇನ್ನೂ ತಿಳಿ. ಮೂರು ವರ್ಷ. ಇನ್ನೊಂದು ಸಲ, ಆಚೆ ಬದಿಯಿಂದ ಕೆರೆದಳು. ಮೂರೇ.

ಚೋಲೆಯದು.

ತಲೆ ಎತ್ತಿದಾಗ ಆಚೆಯ ತಗ್ಗಿನಲ್ಲಿ ಇನ್ನೊಂದು ಕಂಡಿತು. ಓಡಿಹೋಗಿ ನೋಡಿದಳು. ಬುಡ ಮಣಿಕಟ್ಟಿನಷ್ಟು ದಪ್ಪ, ಸೀಳಿನ ಅಂಚು ಕಪ್ಪು. ನಾಲ್ಕು! ಎರಡು ಗಿಡ, ಒಂದು ಗುಂಡಿಗಾಗುವಷ್ಟು ಹೊತ್ತು. ಯಾವುದು ಮೊದಲು ಎಂದು ಚೋಲೆಯನ್ನು ಕೇಳಬೇಕಾದ್ದು ನ್ಯಾಯ. ಚೀಟಿ ಎತ್ತಿಯಾದರೂ ನೋಡಬೇಕಾದ್ದು ನ್ಯಾಯ. ಆದರೆ ಹನ್ನೊಂದು ಸಲ ನ್ಯಾಯವಾಗಿ ನಡೆದುಕೊಂಡವಳಿಗೆ ಆ ಹೊತ್ತು ನ್ಯಾಯವೆಂದರೆ ಹೊಟ್ಟೆಯುರಿಯಿತು.

ಚೋಲೆ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದಳು. ದಪ್ಪ ಮೈ, ಹೆಗಲ ಮೇಲೆ ಎರಡು ಸಲಿಕೆ.

"ಏನಾದ್ರೂ ಸಿಕ್ತೇನೇ?"

"ತಗ್ಗಲ್ಲಿ ಒಂದಿದೆ. ನಾಲ್ಕು ವರ್ಷದ್ದು."

"ನಿಂದೇ ಹಾಗಾದ್ರೆ! ಅಯ್ಯೋ, ಮೊದಲೇ ಕೂಗಬಾರದಾ?" ಎಂದ ಚೋಲೆ ಅಷ್ಟರಲ್ಲಿ ಇಳಿಜಾರಿನ ಗಿಡವನ್ನು ನೋಡಿಬಿಟ್ಟಳು. "ಮತ್ತೆ ಇದು? ಇದೂ ಹುಚ್ಚು ಹ್ವಾನ್ ತಾನೇ? ಎಷ್ಟು ಹೂ ಬಿಟ್ಟಿದೆ ನೋಡೇ."

"ಅದಾ? ಅದು ಹೋದ ಮಳೆಗಾಲದ್ದು. ನೀರು ಕುಡಿದು ಕೊಬ್ಬಿದೆ, ನಿನ್ನ ಹಾಗೆ."

ಚೋಲೆ ಕಿಲಕಿಲ ನಕ್ಕಳು. "ನನ್ನ ಮೈ ಮೇಲೆ ಯಾಕೇ ನಿನ್ನ ಕಣ್ಣು? ನೀನು ಒಣಗಿದ ಸಲಾಕೆ ಥರ ಇದ್ದೀಯ ಅಂತ ನಾನು ಯಾವತ್ತಾದ್ರೂ ಆಡಿದ್ದೀನಾ?" ಎನ್ನುತ್ತ ತಗ್ಗಿಗೆ ಇಳಿದೇಬಿಟ್ಟಳು. ಗಿಡದ ವಿಷಯದಲ್ಲಿ ನಿಕೊಲಾಸಾ ಹೇಳಿದ್ದನ್ನು ಅವಳು ಎಂದೂ ಎರಡನೆಯ ಸಲ ಕೇಳಿದವಳಲ್ಲ.

ಸುತ್ತಿಗೆ ಬಿತ್ತು, ಸಲಾಕೆ ಇಳಿಯಿತು. ಎಳೆದು ಮೂಸಿದ ಚೋಲೆಯ ಮುಖ ಬದಲಾಯಿತು. ಸಲಾಕೆಯನ್ನು ಮುಂದೆ ಚಾಚಿದಳು. ನಿಕೊಲಾಸಾ ಮೂಸಿದಳು. ಸತ್ತ ವಾಸನೆ, ಹಳೆಯದು, ಆದರೂ ಅದೇ.

"ತೋಡು," ಎಂದಳು ಚೋಲೆ. "ತೋಡೇ, ನಿಂತ್ಕೋಬೇಡ."

ಇಬ್ಬರೂ ಮೈಮೇಲೆ ದೆವ್ವ ಬಂದವರ ಹಾಗೆ ತೋಡಿದರು. ಬುತ್ತಿ ಬಿಚ್ಚಲಿಲ್ಲ, ನೀರು ಕುಡಿಯಲೂ ನಿಲ್ಲಲಿಲ್ಲ. ನಿಕೊಲಾಸಾಳ ಅಂಗೈ ಬೊಕ್ಕೆಯೆದ್ದು ಒಡೆಯಿತು. ಪ್ರತಿ ಸಲಿಕೆಗೂ "ಲಾಲೊ, ಬಂದೆ ಕಣೋ" ಎಂದು ಒಳಗೊಳಗೇ ಹೇಳಿಕೊಂಡಳು. ಒಂದೂವರೆ ಗಂಟೆಯ ಹೊತ್ತಿಗೆ ಸಲಿಕೆ ಗಟ್ಟಿಯಾದ ಏನಕ್ಕೋ ತಾಗಿತು. ಸಲಿಕೆ ಬಿಸುಟು ಕೈಯಲ್ಲಿ ಮರಳು ಸರಿಸಿದಳು. ದುಂಡಗೆ, ಬೆಳ್ಳಗೆ ಏನೋ ಕಂಡಿತು.

ಚೋಲೆ ಪಕ್ಕದಲ್ಲಿ ಬಗ್ಗಿ ಅದನ್ನು ಎತ್ತಿದಳು. ಆಮೆಯ ಚಿಪ್ಪು. ಅದರ ಕೆಳಗೆ ಇನ್ನೊಂದು, ಮತ್ತೊಂದು. ಒಟ್ಟು ಏಳು.

ಗಾಡಿಯ ಬಳಿಯಿಂದ ಸಾರ್ಜೆಂಟ್ ನಡೆದು ಬಂದು ಗುಂಡಿಯೊಳಗೆ ಇಣುಕಿದ. ನರೆತ ಮೀಸೆಯ, ಕೆಟ್ಟವನಲ್ಲದ ಮನುಷ್ಯ, ಹೆಂಗಸರನ್ನೆಲ್ಲ ಮರ್ಯಾದೆಯಿಂದ ದೋನ್ಯಾ ಎಂದೇ ಕರೆಯುವವನು. "ಆಮೆ ಕಳ್ಳರ ಕೆಲಸ, ದೋನ್ಯಾ. ಮಾಂಸ ಮಾರ್ಕೊಂಡು ಚಿಪ್ಪು ಹೂತುಹಾಕ್ತಾರೆ, ಸಿಕ್ಕಿಬೀಳಬಾರದಲ್ಲ," ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡ. "ಮೂರಕ್ಕೆ ಹೊರಡಬೇಕು ನೋಡಿ. ನನ್ನ ಕೈಯಲ್ಲಿಲ್ಲ."

ಅವನು ಅತ್ತ ಹೋದ ಮೇಲೆ ಚೋಲೆ ಗುಂಡಿಯೊಳಗೇ ಕೂತು ನಿಕೊಲಾಸಾಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. "ಅಳು, ಅತ್ತುಬಿಡು. ಮುಂದಿನ ಸಲ ಸಿಗ್ತಾನೆ. ನಾನು ಬಿಡ್ತೀನಾ? ನಿನ್ನ ಲಾಲೊ ಸಿಗೋವರೆಗೂ ನಾನು ನನ್ನ ಯಾದಿರಾನ ಕೂಡ ಕಾಯಿಸ್ತೀನಿ ಕಣೇ."

ಆ ಮಾತು ನಿಕೊಲಾಸಾಳನ್ನು ಕೊಂದುಹಾಕಿತು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳು.

"ಚೋಲೆ," ಎಂದಳು ಎದೆಯಿಂದ ಮುಖ ಎತ್ತದೆ. "ಆ ಇಳಿಜಾರಿಂದು ಹೋದ ಮಳೆಗಾಲದ್ದಲ್ಲ."

"ಏನು?"

"ಮೂರು ವರ್ಷದ್ದು. ಬುಡ ಕೆರೆದು ನೋಡ್ದೆ. ಎರಡು ಸಲ ನೋಡ್ದೆ."

ತಲೆಯ ಮೇಲಿದ್ದ ಚೋಲೆಯ ಕೈ ಹಾಗೇ ನಿಂತಿತು. ಆಮೇಲೆ ಆ ಕೈ ನಿಕೊಲಾಸಾಳನ್ನು ಎಷ್ಟು ಜೋರಾಗಿ ನೂಕಿತೆಂದರೆ ಅವಳು ಚಿಪ್ಪುಗಳ ಮೇಲೆ ಬಿದ್ದಳು.

"ನನಗೆ ಅಲ್ವೇನೇ ನೀನು ಸುಳ್ಳು ಹೇಳಿದ್ದು? ನನಗೆ?" ಚೋಲೆಯ ದನಿ ಒಡೆದುಹೋಗಿತ್ತು. "ಅಲ್ಲಿ ನನ್ನ ಮಗಳು ಮಲಗಿದ್ಲು, ಇಲ್ಲಿ ನಾನು ನಿನಗೆ ಆಮೆ ಚಿಪ್ಪು ತೋಡಿಕೊಡ್ತಾ ಇದ್ದೆ! ಹತ್ತೊಂಬತ್ತು ವರ್ಷದ ಹುಡುಗಿ ಕಣೇ ಅದು! ನಿನ್ನ ಮಗ ಮಾತ್ರ ಮಗನಾ? ನನ್ನದೇನು ಬೀದಿಯದಾ?"

"ಬಯ್ಯಿ. ಆಮೇಲೆ ಎಷ್ಟು ಬೇಕಾದ್ರೂ ಬಯ್ಯಿ. ಈಗ ಬಾ, ಇನ್ನೂ ಒಂದು ಗಂಟೆ ಇದೆ."

ಚೋಲೆ ಆಗಲೇ ಸಲಿಕೆ ಹಿಡಿದು ದಿಬ್ಬ ಹತ್ತುತ್ತಿದ್ದಳು. ಮರಳು ಕಾಲನ್ನು ಕೆಳಗೆಳೆಯುತ್ತಿತ್ತು. ಬಿದ್ದಳು, ಎದ್ದಳು, ಕೈಕಾಲೂರಿ ಹತ್ತಿದಳು. ಅಷ್ಟು ದಪ್ಪದ ಹೆಂಗಸು ಹಾಗೆ ಓಡಿದ್ದನ್ನು ಸಾರ್ಜೆಂಟ್ ಗಾಡಿಯ ಮೇಲೆ ಕೂತು ನೋಡುತ್ತಿದ್ದ. ನಗಲಿಲ್ಲ.

ಸಲಾಕೆಯ ತುದಿಯಲ್ಲಿ ಮಣ್ಣಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ನಿಕೊಲಾಸಾ ಬಾಯಿ ತೆರೆಯುವ ಮೊದಲೇ ಚೋಲೆ ಚೀರಿದಳು. "ಮೂರು ವರ್ಷ ಆದ್ಮೇಲೆ ವಾಸನೆ ಎಲ್ಲಿರತ್ತೆ? ಮುಚ್ಕೊಂಡು ತೋಡು!"

ತೋಡಿದರು. ಹೂ ಬಿಟ್ಟಿದ್ದ ಗಿಡ ಒಂದು ಕಡೆಗೆ ವಾಲಿ, ಬೇರು ಕಿತ್ತುಕೊಂಡು ಬಿತ್ತು. ಮಣ್ಣು ಸಲೀಸಾಗಿ ಬರುತ್ತಿತ್ತು, ಅತಿ ಸಲೀಸಾಗಿ. ಮೇಲಿನ ಬಿಳಿ ಮರಳು ತಳದಲ್ಲಿ, ತಳದ ಕಂದು ಮಣ್ಣು ಮೇಲೆ, ಎಲ್ಲ ಕಲಸುಮೇಲೋಗರ. ಒಂದು ಸಲ ಹೂತ ಗುಂಡಿ ಹೀಗಿರುವುದಿಲ್ಲ. ಇದನ್ನು ಎರಡು ಸಲ ಮಗುಚಿದ್ದಾರೆ ಅನ್ನಿಸಿತು ನಿಕೊಲಾಸಾಳಿಗೆ. ಆದರೆ ಹೇಳುವ ಬಾಯಿ ಅವಳಿಗೆ ಉಳಿದಿರಲಿಲ್ಲ. ಚೋಲೆ ಅಳುತ್ತ, ಮಗಳ ಹೆಸರು ಕೂಗುತ್ತ, ಗುಂಡಿಯೊಳಗೆ ಸೊಂಟದವರೆಗೆ ಇಳಿದು ತೋಡುತ್ತಿದ್ದಳು. ಮೂರಕ್ಕೆ ಹದಿನೈದು ನಿಮಿಷವಿರುವಾಗ ಅವಳ ಸಲಿಕೆ ಗಾಜಿಗೆ ತಾಗಿ ಟಣ್ ಎಂದಿತು.

ಕಾಫಿಪುಡಿಯ ಸೀಸೆ. ಮುಚ್ಚಳದ ಸುತ್ತ ಟೇಪು. ಒಳಗೆ ಮಡಿಚಿಟ್ಟ ಕಾಗದ.

ಅದೇನೆಂದು ಇಬ್ಬರಿಗೂ ನೋಡಿದ ಕೂಡಲೇ ಗೊತ್ತಾಯಿತು. ಆ ತೀರದಲ್ಲಿ ಮಕ್ಕಳನ್ನು ಹುಡುಕುವ ಗುಂಪು ಇವರದೊಂದೇ ಅಲ್ಲ. ಯಾವ ಊರಿನ ತಾಯಂದಿರೇ ಆಗಲಿ, ಒಂದು ಗುಂಡಿಯಿಂದ ಯಾರನ್ನಾದರೂ ಹೊರತೆಗೆದರೆ, ಸಿಕ್ಕವರ ಗುರುತು ಬರೆದು ಸೀಸೆಯಲ್ಲಿ ಹಾಕಿ ಅದೇ ಗುಂಡಿಯಲ್ಲಿಟ್ಟು ಮುಚ್ಚುತ್ತಾರೆ. ಇನ್ನೊಬ್ಬಳು ಬಂದು ಅಲ್ಲೇ ತೋಡಿದರೆ ಬರಿಗೈಲಿ ಹೋಗಬಾರದು ಎಂದು.

ಚೋಲೆ ಹಲ್ಲಿನಿಂದ ಟೇಪು ಕಿತ್ತಳು. ನಿಕೊಲಾಸಾ ಅಕ್ಷರ ಕಲಿತವಳಲ್ಲ, ಓದುವುದು ಯಾವಾಗಲೂ ಚೋಲೆಯೇ. ಕಾಗದ ಬಿಡಿಸಿ ಮೊದಲ ಸಾಲು ನೋಡಿದ ಚೋಲೆ ಗುಂಡಿಯ ಅಂಚಿಗೆ ಒರಗಿ ಕಣ್ಣು ಮುಚ್ಚಿದಳು.

"ಗಂಡಸು," ಎಂದಳು. "ನನ್ನದಲ್ಲ."

ಆಮೇಲೆ ಚೋಲೆ ಮೂಗೊರೆಸಿಕೊಂಡು ಕಾಗದ ಎತ್ತಿ ಹಿಡಿದಳು. ಸಿಕ್ಕ ಚೀಟಿಯನ್ನು ಕೊನೆಯವರೆಗೆ ಗಟ್ಟಿಯಾಗಿ ಓದಬೇಕು, ಅದು ಅವರೆಲ್ಲರ ನಡುವಿನ ಕಟ್ಟಳೆ. ಸಿಟ್ಟಿನಲ್ಲೂ ಅವಳು ಅದನ್ನು ಮೀರಲಿಲ್ಲ.

"ದಕ್ಷಿಣದ ಊರಿನವರು ಬರೆದಿದ್ದಾರೆ. ಮೂರು ವರ್ಷದ ಹಿಂದೆ, ಫೆಬ್ರವರಿ. 'ಗಂಡಸು, ವಯಸ್ಸು ಇಪ್ಪತ್ತರಿಂದ ಇಪ್ಪತ್ತೈದು. ಒಂದು ವರ್ಷದಿಂದ ಮಣ್ಣಲ್ಲಿದ್ದ ಹಾಗಿದೆ. ಕಪ್ಪು ಪ್ಯಾಂಟು. ಬೆಲ್ಟಿನ ಬದಲು ನೀಲಿ ಬಲೆಹಗ್ಗ...'"

"ತುದಿ ಸುಟ್ಟಿದೆ," ಎಂದಳು ನಿಕೊಲಾಸಾ.

ಚೋಲೆ ಕಾಗದದಿಂದ ತಲೆ ಎತ್ತಿದಳು. ಮತ್ತೆ ಕೆಳಗೆ ನೋಡಿದಳು. ಮುಂದಿನ ಪದಗಳನ್ನು ಅವಳ ತುಟಿ ಮೆಲ್ಲಗೆ ಕೂಡಿಸಿತು. "'...ಎರಡೂ ತುದಿ ಸುಟ್ಟು ಕರಗಿಸಿದ್ದು.'"

"ನಾನೇ ಸುಟ್ಟಿದ್ದು. ಎಳೆ ಬಿಚ್ಕೊಳತ್ತೆ ಅಂತ ಒಲೆ ಮೇಲೆ ಹಿಡಿದೆ. 'ಬೆಲ್ಟು ಕೊಂಡ್ಕೊಳೋ ಕತ್ತೆ' ಅಂದ್ರೆ ಕೇಳ್ತಿರ್ಲಿಲ್ಲ, 'ಇದೇ ಫ್ಯಾಷನ್ನಮ್ಮ' ಅಂತಿದ್ದ." ನಿಕೊಲಾಸಾಳ ದನಿ ಬಹಳ ಸಮಾಧಾನವಾಗಿತ್ತು, ಕೇಳುವವರಿಗೆ ಭಯವಾಗುವಷ್ಟು. "ಕೆಳಗಿನ ಹಲ್ಲು ಒಂದರ ಮೇಲೊಂದು ಹತ್ತಿದೆ ಅಂತ ಬರೆದಿದ್ದಾರಾ?"

"ಬರೆದಿದ್ದಾರೆ."

"ಎಲ್ಲಿಟ್ಟಿದ್ದಾರೆ ಅವನನ್ನ?"

"'ಯಾರೂ ಗುರುತು ಹಿಡಿಯಲಿಲ್ಲ. ಸರ್ಕಾರದವರಿಗೆ ಒಪ್ಪಿಸಿದೆವು.' ಒಂದು ನಂಬರ್ ಇದೆ. 'ದೇವರು ಇವನ ತಾಯಿಗೆ ಈ ಕಾಗದ ಸಿಗುವ ಹಾಗೆ ಮಾಡಲಿ.' ಅಷ್ಟೇ."

ಮೂರು ವರ್ಷ! ಮೂರು ವರ್ಷದಿಂದ ಲಾಲೊ ಮಣ್ಣಿನಲ್ಲೇ ಇರಲಿಲ್ಲ. ಯಾವುದೋ ಊರಿನ ಯಾವುದೋ ತಣ್ಣನೆಯ ಕೋಣೆಯಲ್ಲಿ ನಂಬರಾಗಿ ಬಿದ್ದಿದ್ದ. ಅಥವಾ ಹೆಸರಿಲ್ಲದವರ ಜೊತೆ ಮತ್ತೆ ಹೂತಿದ್ದರೋ ಏನೋ. ಅವಳು ಕೊಟ್ಟ ರಕ್ತವೂ ಅಲ್ಲೇ ಎಲ್ಲೋ ಇತ್ತು. ಅವನ ಮೇಲೆ ಮೊದಲು ಹುಟ್ಟಿದ್ದ ಗಿಡವನ್ನು ಆ ತಾಯಂದಿರು ಕಿತ್ತು ಹಾಕಿ ತೋಡಿದ್ದರು. ಮುಚ್ಚಿದ ಮೇಲೆ ಎದ್ದದ್ದು ಈ ಹೊಸ ಗಿಡ. ಹುಚ್ಚು ಹ್ವಾನ್‌ಗೆ ಕೊಂದವರ ಗುದ್ದಲಿ ಯಾವುದು, ಹೆತ್ತವರ ಗುದ್ದಲಿ ಯಾವುದು ಎಂಬ ಭೇದವಿಲ್ಲ. ಆ ಒಂದು ಮಾತು ಅವಳ ತಲೆಗೆ ಹೊಳೆದಿರಲಿಲ್ಲ. ನಾಲ್ಕು ವರ್ಷದ್ದೇ ಬೇಕು ಎಂದು ಹಟ ಹಿಡಿದು ಮೂರರದ್ದು, ಎರಡರದ್ದು, ಎಷ್ಟು ಗಿಡಗಳನ್ನು ದಾಟಿ ನಡೆದಿದ್ದಳೋ. ಅವಳ ಮಾತು ನಂಬಿ ಹದಿನೆಂಟು ಹೆಂಗಸರೂ ದಾಟಿ ನಡೆದಿದ್ದರು.

ಅಳು ಆಮೇಲೆ ಬಂತು. ಬಂದಾಗ ಅವಳು ಗುಂಡಿಯ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಮುಖಕ್ಕೆ ಒತ್ತಿಕೊಂಡಳು. ಅದು ಅವನು ಒಂದು ವರ್ಷ ಮಲಗಿದ್ದ ಮಣ್ಣು. ಚೋಲೆ ಅವಳನ್ನು ಮುಟ್ಟಲಿಲ್ಲ. ದೂರವೂ ಹೋಗಲಿಲ್ಲ. ಕಾಗದವನ್ನು ಮಡಿಚಿ ಸೀಸೆಗೆ ಹಾಕಿ, ಮುಚ್ಚಳ ಬಿಗಿದು ನಿಕೊಲಾಸಾಳ ಮಡಿಲಲ್ಲಿಟ್ಟಳು.

ಸಾರ್ಜೆಂಟ್ ಗಾಡಿಯ ಹಾರನ್ ಒತ್ತಿದ. ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ.

"ನಿಕೊ," ಎಂದಳು ಚೋಲೆ. ಅವಳ ಕಣ್ಣು ದಿಬ್ಬಗಳ ಮೇಲಿತ್ತು. ಎದುರಿಗೆ ಕಣ್ಣು ಹಾಯುವಷ್ಟು ದೂರ, ಬಿಳಿಕೊಂಬೆಗಳ ನಡುವೆ ಅಲ್ಲೊಂದು ಇಲ್ಲೊಂದು, ದೊಡ್ಡದು ಚಿಕ್ಕದು, ಹುಚ್ಚು ಹ್ವಾನ್‌ಗಳು ಹಳದಿ ಗೊಂಚಲು ತೂಗುತ್ತ ನಿಂತಿದ್ದವು. "ಹಾಗಾದ್ರೆ ಇನ್ಮೇಲೆ ನಾನು ಎಷ್ಟು ವರ್ಷದ ಗಿಡ ಹುಡುಕಲಿ?"

ನಿಕೊಲಾಸಾ ಒಂದೊಂದನ್ನೇ ನೋಡುತ್ತ ಹೋದಳು. ಐದರದ್ದು, ಒಂದರದ್ದು, ಈ ಮಳೆಗೆ ಎದ್ದದ್ದು, ಎರಡರದ್ದು. ಕಣ್ಣು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಲೇ ಇತ್ತು, ಆ ಲೆಕ್ಕಕ್ಕೆ ಈಗ ಅರ್ಥವಿರಲಿಲ್ಲ.

"ಗೊತ್ತಿಲ್ಲ ಕಣೇ," ಎಂದಳು.

ಚೋಲೆ ಗುಂಡಿಯಿಂದ ಮೇಲೆ ಹತ್ತಿದಳು. ನಾಲ್ಕು ಹೆಜ್ಜೆ ಆಚೆ ಮೊಣಕಾಲೆತ್ತರದ ಒಂದು ಎಳೆಯ ಗಿಡವಿತ್ತು, ಇನ್ನೂ ಹಸಿರು ಸಿಪ್ಪೆಯದು, ಮೊದಲ ಹೂ ಬಿಟ್ಟದ್ದು. ಅದರ ಬುಡಕ್ಕೆ ಸಲಾಕೆ ಊರಿ, ಸುತ್ತಿಗೆ ಎತ್ತಿ ಹೊಡೆಯತೊಡಗಿದಳು. ಸಾರ್ಜೆಂಟ್ ಗಾಡಿಯಿಂದ ಇಳಿದು "ದೋನ್ಯಾ, ಹೊತ್ತಾಯ್ತು, ಬನ್ನಿ" ಎಂದು ಕೂಗುತ್ತಲೇ ಇದ್ದ, ಅವಳು ಹೊಡೆಯುತ್ತಲೇ ಇದ್ದಳು.